ಮಲಗಿ ನೋಡಿ

ಆ ಮನೆಯಲ್ಲಿ ಇದ್ದದ್ದು ಒಂದೇ ಮಂಚ. ಅದು ತಣ್ಣಗಾದದ್ದನ್ನು ಯಾರೂ ಕಂಡಿರಲಿಲ್ಲ. ರಾತ್ರಿ ಮಗ ಸೊಸೆ ಮಲಗಿ ಎದ್ದರೆ, ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಲಾಂಡ್ರಿಯಿಂದ ರಾತ್ರಿಪಾಳಿ ಮುಗಿಸಿ ಬಂದ ಅತ್ತೆ ಅದೇ ಬಿಸುಪಿನ ಮೇಲೆ ಒರಗುತ್ತಿದ್ದರು. ಅಷ್ಟು ಹೊತ್ತಿಗೆ ಮಗ ಪಾರ್ಸೆಲ್ ಹಂಚಲು ಬೈಕ್ ಹತ್ತಿರುತ್ತಿದ್ದ, ನಾದಿನಿ ಕಾಲೇಜಿಗೆ ಓಡಿರುತ್ತಿದ್ದಳು, ಸೊಸೆ ಅಂಗಡಿಗೆ ಹೊರಡಲು ಜಡೆ ಹೆಣೆಯುತ್ತಿದ್ದಳು. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ನಾಲ್ಕು ಜನ. ಆದರೂ ಒಬ್ಬರ ಕಾಲು ಒಬ್ಬರಿಗೆ ತಾಗದ ಹಾಗೆ ಸಂಸಾರ ಸಾಗುತ್ತಿತ್ತು.

ಅದನ್ನು ಕೆಡಿಸಿದ್ದು ಒಂದು ಮೆಸೇಜು. ಜನ ಹಗಲಲ್ಲಿ ಮನೆಯಲ್ಲಿರುವುದಿಲ್ಲ, ಬಾಗಿಲು ತಟ್ಟಿ ವಾಪಸು ಬರುವುದೇ ಹೆಚ್ಚಾಗಿದೆ, ಆದ್ದರಿಂದ ಸೋಮವಾರದಿಂದ ಪಾಳಿ ಸಂಜೆ ನಾಲ್ಕರಿಂದ ರಾತ್ರಿ ಒಂದರವರೆಗೆ ಎಂದು ಪಾರ್ಸೆಲ್ ಕಂಪನಿ ಬರೆದಿತ್ತು. ಕೊನೆಯಲ್ಲಿ ಒಂದು ನಗುವ ಮುಖವನ್ನೂ ಹಾಕಿತ್ತು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಅತ್ತೆ ಬಂದಾಗ ಮಂಚದ ಮೇಲೆ ಮಗ ಅಂಗಾತ ಬಿದ್ದಿದ್ದ.

"ಏಳೋ."

"ಏಳಲ್ಲ ಅಮ್ಮ. ಎರಡು ಗಂಟೆಗೆ ಬಂದು ಮಲಗಿದ್ದೀನಿ."

"ನಾನು ಇನ್ನೂ ಮಲಗೇ ಇಲ್ಲ ಕಣೋ."

"ಪಕ್ಕದಲ್ಲಿ ಮಲ್ಕೋ."

"ನೀನು ಚಿಕ್ಕವನಿದ್ದಾಗ್ಲೇ ಒದೀತಿದ್ದೆ. ಈಗ ಮೂವತ್ತೊಂದು ವರ್ಷದ ಕಾಲು."

ಸೊಸೆ ನಗು ತಡೆದುಕೊಂಡು, ಮಂಚಕ್ಕೂ ಗೋಡೆಗೂ ನಡುವೆ ಇದ್ದ ಜಾಗದಲ್ಲಿ ಚಾಪೆ ಹಾಸಿ, ಅದರ ಮೇಲೆ ಎರಡು ಹೊದಿಕೆ ಮಡಿಸಿ ಹಾಕಿಕೊಟ್ಟಳು. ಅತ್ತೆ ಒಂದು ಮಗ್ಗುಲಾದರು. ಇನ್ನೇನು ಕಣ್ಣು ಮುಚ್ಚಬೇಕು, ದಿಂಬಿನಡಿ ಮಗನ ಫೋನು ಚಿಲಿಪಿಲಿ ಎಂದಿತು. ಹಗಲಲ್ಲೂ ಆಗಾಗ ಹೆಚ್ಚುವರಿ ಪಾರ್ಸೆಲ್ ಸುತ್ತಿಗೆ ಕಂಪನಿಯ ಕರೆ ಬರುತ್ತಿತ್ತು. ಅರ್ಧ ನಿಮಿಷದೊಳಗೆ ಬೇಕು ಅಥವಾ ಬೇಡ ಎಂದು ಒತ್ತಬೇಕು. ಉತ್ತರವನ್ನೇ ಕೊಡದವನಿಗೆ ಸಂಜೆ ಊರಾಚೆಯ ದೂರದ ಬೀದಿಗಳೇ ಗತಿ.

"ಆ ಫೋನಿನ ಕತ್ತು ಹಿಸುಕೋ."

"ಅದರ ಕತ್ತು ಹಿಸುಕಿದ್ರೆ ಅವರು ನನ್ನ ಕತ್ತು ಹಿಸುಕ್ತಾರಮ್ಮ."

ಅಡುಗೆಮನೆಯಲ್ಲಿ ನಾದಿನಿ ಪಾಠ ಒಪ್ಪಿಸುತ್ತಿದ್ದಳು. ನರ್ಸಿಂಗ್ ಪರೀಕ್ಷೆಗೆಂದು ಎರಡು ತಿಂಗಳು ಓದುವ ರಜೆ ಸಿಕ್ಕಿತ್ತು. ಗಟ್ಟಿಯಾಗಿ ಓದದಿದ್ದರೆ ಅವಳ ತಲೆಗೆ ಹತ್ತುತ್ತಿರಲಿಲ್ಲ; ಅದಕ್ಕೇ ಮನೆಯಲ್ಲಿ ಅವಳಿಗೆ ರೇಡಿಯೋ ಎಂದೇ ಹೆಸರು. ಅಣ್ಣ ಕೂಗಿದ. "ರೇಡಿಯೋ, ಸೌಂಡ್ ಕಮ್ಮಿ ಮಾಡು!"

"ನಾನು ಫೇಲ್ ಆದ್ರೆ ನೀನೇ ಇನ್ನೊಂದು ವರ್ಷ ಫೀಸು ಕಟ್ಟು, ಆಗ ಕಮ್ಮಿ ಮಾಡ್ತೀನಿ."

ಸೊಸೆ ತನ್ನ ಪಾಲಿನ ಸದ್ದನ್ನು ತಾನೇ ಕಡಿಮೆ ಮಾಡಿದಳು. ಕುಕ್ಕರ್ ಸೀಟಿ ಕೂಗುತ್ತದೆಂದು ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸತೊಡಗಿದಳು. ಅದಕ್ಕಾಗಿ ಮುಕ್ಕಾಲು ಗಂಟೆ ಮುಂಚೆ ಏಳಬೇಕಾಯಿತು. ಹಾಗೆ ಅವಳ ನಿದ್ದೆಯೂ ಅಷ್ಟು ಸವೆಯಿತು.

ಎರಡನೇ ವಾರ ಒಂದು ಬೆಳಿಗ್ಗೆ ಅತ್ತೆ ಬಂದವರು ಮಲಗಲು ಜಾಗ ಕೇಳಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಬಲಗೈ ಚಾಚಿದರು. ಎರಡು ಬೆರಳಿನ ತುದಿ ಬೊಬ್ಬೆ ಎದ್ದಿತ್ತು.

"ಎಣ್ಣೆ ಇದ್ರೆ ಕೊಡಮ್ಮ."

"ಎಣ್ಣೆ ಹಚ್ಚಬಾರದು ಅಮ್ಮ, ತಣ್ಣೀರು!" ನಾದಿನಿ ಪುಸ್ತಕ ಬಿಸಾಡಿ ಎದ್ದಳು. "ಏನಾಯ್ತು?"

ಆದದ್ದು ಇಷ್ಟು. ಲಾಂಡ್ರಿಯಲ್ಲಿ ಒಗೆದ ಹಾಸುಬಟ್ಟೆಗಳನ್ನು ಎರಡು ಕಾದ ಉರುಳೆಗಳ ನಡುವೆ ತೂರಿಸಿ ಇಸ್ತ್ರಿ ಮಾಡುವ ಯಂತ್ರವಿದೆ. ಬಟ್ಟೆಯ ಅಂಚನ್ನು ಕೊಟ್ಟು ಕೈ ಹಿಂದೆಗೆಯಬೇಕು. ಅತ್ತೆ ನಿಂತಲ್ಲೇ ತೂಕಡಿಸಿದ್ದರು. ಬಟ್ಟೆಯ ಜೊತೆ ಕೈಯೂ ಹೋಗುತ್ತಿತ್ತು, ಪಕ್ಕದವಳು ಹಿಂದಿನಿಂದ ಸೊಂಟ ಹಿಡಿದು ಎಳೆದಳು. ಮೇಸ್ತ್ರಿ ಯಂತ್ರ ನಿಲ್ಲಿಸಿ ಎಲ್ಲರೆದುರು ಹೇಳಿದ್ದ: ಇನ್ನೊಂದು ಸಲ ತೂಕಡಿಸಿದ್ದು ಕಂಡರೆ ಗೇಟಿನಾಚೆ.

"ಒಂದು ಕೈಯಲ್ಲಿ ಇಪ್ಪತ್ತೇಳು ಮೂಳೆ ಇದೆ ಗೊತ್ತಾ ನಿನಗೆ?" ನಾದಿನಿ ಪಾತ್ರೆಗೆ ತಣ್ಣೀರು ತುಂಬಿದಳು.

"ಇರ್ಲಿ ಬಿಡು. ನನ್ನ ಹತ್ರ ಇನ್ನೊಂದು ಕೈ ಇದೆ."

ಮಗ ಮಂಚದಿಂದ ಎದ್ದು ಬಂದ. ಕಣ್ಣು ಕೆಂಡವಾಗಿತ್ತು, ಸಿಟ್ಟೋ ನಿದ್ದೆಗೇಡೋ ಹೇಳುವ ಹಾಗಿರಲಿಲ್ಲ.

"ಕೆಲ್ಸ ಬಿಟ್ಬಿಡಮ್ಮ. ಸಾಕು."

"ಬಿಟ್ಟು ಏನು ಮಾಡ್ಲಿ?"

"ಮನೇಲಿ ಕೂತ್ಕೋ."

"ಎಲ್ಲಿ ಕೂರ್ಲಿ? ಜಾಗ ತೋರಿಸು."

ಮಗ ಕೋಣೆಯನ್ನೊಮ್ಮೆ ನೋಡಿದ. ಮಂಚ, ಚಾಪೆ, ಪುಸ್ತಕದ ಗುಡ್ಡೆ, ಒಣಹಾಕಿದ ಬಟ್ಟೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀನಾದ್ರೂ ಒಂದು ಮಾತು ಹೇಳೇ" ಎಂದ. ಅವಳು ಅತ್ತೆಯ ಕೈಯನ್ನು ತಣ್ಣೀರಿನ ಪಾತ್ರೆಯಲ್ಲಿ ಹಿಡಿದುಕೊಂಡಿದ್ದಳು. ಅತ್ತೆ ಅಲ್ಲೇ ಗೋಡೆಗೆ ತಲೆ ಕೊಟ್ಟು, ಕೈ ನೀರಲ್ಲಿಟ್ಟುಕೊಂಡೇ ನಿದ್ದೆ ಹೋದರು. ಹತ್ತು ನಿಮಿಷವಾಗಿರಬೇಕು. ಫೋನು ಮತ್ತೆ ಚಿಲಿಪಿಲಿ ಎಂದಿತು.

ಸೊಸೆ ಕೆಲಸ ಮಾಡುತ್ತಿದ್ದುದು ಹಾಸಿಗೆ ಅಂಗಡಿಯಲ್ಲಿ. ದೊಡ್ಡ ರಸ್ತೆಯ ಮೇಲೆ, ಗಾಜಿನ ಗೋಡೆ, ಒಳಗೆ ತಂಪು ಗಾಳಿ, ಮೆಲ್ಲಗೆ ವಾದ್ಯದ ಹಾಡು. ಇಪ್ಪತ್ತೆರಡು ಮಂಚಗಳು, ಒಂದೊಂದರ ಮೇಲೆ ಒಂದೊಂದು ಬಗೆಯ ಹಾಸಿಗೆ. ಸ್ಪ್ರಿಂಗಿನದು, ಫೋಮಿನದು, ರಬ್ಬರಿನದು. ಬಾಗಿಲಲ್ಲೇ ಬೋರ್ಡು: "ಮಲಗಿ ನೋಡಿ. ಅವಸರವಿಲ್ಲ." ಮಾರುವ ಹುಡುಗಿಯರು ಮಾತ್ರ ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಕೂರುವ ಹಾಗಿಲ್ಲ. ಮೊದಲು ಒಂದು ಸ್ಟೂಲಿತ್ತಂತೆ. ಕೂತವರನ್ನು ಕಂಡರೆ ಗಿರಾಕಿಗೆ ಉತ್ಸಾಹ ಬರುವುದಿಲ್ಲವೆಂದು ಅದನ್ನೂ ತೆಗೆಸಿದ್ದರು. ಮನೆಗೆ ಬಂದು ಸಾಕ್ಸ್ ಕಳಚಿದರೆ ಅವಳ ಪಾದದ ಮೇಲೆ ಅದರ ನೇಯ್ಗೆ ಅಚ್ಚಾಗಿರುತ್ತಿತ್ತು.

ಆ ಸಂಜೆ ಊಟಕ್ಕೆ ಮೂರೇ ಜನ. ಗಂಡ ಪಾಳಿಗೆ ಹೋಗಿದ್ದ, ಅತ್ತೆ ಎಂಟಕ್ಕೆ ಹೊರಡುವವರಿದ್ದರು. ಅತ್ತೆಯ ಮುಖ ನೋಡಲಾಗದೆ ಸೊಸೆ ಏನಾದರೂ ನಗಿಸೋಣವೆಂದು ಅಂಗಡಿಯ ಸುದ್ದಿ ತೆಗೆದಳು.

"ಇವತ್ತೊಬ್ಬರು ಬಂದಿದ್ರು ಅತ್ತೆ. ರಿಟೈರ್ಡ್ ಆಫೀಸರಂತೆ. ಮಲಗಿ ನೋಡ್ತೀನಿ ಅಂತ ಮಲಗಿದವರು ಮುಕ್ಕಾಲು ಗಂಟೆ ಗೊರಕೆ. ಉಳಿದ ಗಿರಾಕಿಗಳು ಅವರ ಸುತ್ತ ತುದಿಗಾಲಲ್ಲಿ ಓಡಾಡಿದ್ರು."

"ಎಬ್ಬಿಸಲಿಲ್ವಾ?"

"ಎಬ್ಬಿಸೋ ಹಾಗಿಲ್ಲ. ನಿದ್ದೆ ಬಂದ ಗಿರಾಕಿ ಅರ್ಧ ಕೊಂಡ ಹಾಗೆ ಅಂತಾರೆ ಮ್ಯಾನೇಜರು."

"ಕೊಂಡ್ರಾ?"

"ಎಲ್ಲಿ! ಎದ್ದು, ಕಾಫಿ ಕುಡ್ದು, ಹೆಂಡತೀನ ಕೇಳಿ ಹೇಳ್ತೀನಿ ಅಂತ ಹೋದ್ರು."

ನಾದಿನಿ ಬಿದ್ದು ಬಿದ್ದು ನಕ್ಕಳು. ಅತ್ತೆ ನಗಲಿಲ್ಲ. ಬ್ಯಾಂಡೇಜಿನ ಬೆರಳನ್ನು ಮೇಲಕ್ಕೆತ್ತಿಕೊಂಡೇ ಅನ್ನ ಕಲಸುತ್ತ ಕೇಳಿದರು. "ಯಾರು ಬೇಕಾದ್ರೂ ಮಲಗಬಹುದಾ?"

"ಬೋರ್ಡ್ ಹಾಗೇ ಇದೆ."

"ಹೂಂ" ಎಂದು ಅತ್ತೆ ಮೊಸರಿಗೆ ಕೈ ಚಾಚಿದರು.

ಎರಡು ದಿನ ಬಿಟ್ಟು, ಬೆಳಿಗ್ಗೆ ಹತ್ತೂವರೆಗೆ, ಗಾಜಿನ ಬಾಗಿಲು ತಳ್ಳಿಕೊಂಡು ಬಂದ ಹೆಂಗಸನ್ನು ಸೊಸೆ ಮೊದಲು ಗುರುತಿಸಲಿಲ್ಲ. ಒಳ್ಳೆಯ ಸೀರೆ, ಕೈಯಲ್ಲಿ ನಾದಿನಿಯ ಕಾಲೇಜಿನ ಬ್ಯಾಗು, ಬ್ಯಾಂಡೇಜು ಕಾಣದಂತೆ ಸೆರಗಿನ ತುದಿ ಬೆರಳಿಗೆ ಸುತ್ತಿದ್ದು. ಗುರುತು ಸಿಕ್ಕ ಮೇಲೆ ಅವಳು ಬಾಗಿಲ ಕಡೆ ಓಡಿದಳು.

"ನಮಸ್ಕಾರ" ಎಂದರು ಅತ್ತೆ, ಇಡೀ ಅಂಗಡಿಗೆ ಕೇಳುವಂತೆ. "ಮಗಳ ಮದುವೆಗೆ ಹಾಸಿಗೆ ನೋಡ್ಬೇಕಿತ್ತಮ್ಮ."

"ಅತ್..." ಎಂದವಳು ಮಾತು ನುಂಗಿಕೊಂಡಳು. "ಬನ್ನಿ ಮೇಡಮ್."

ಜೊತೆಯ ಹುಡುಗಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳು ಆ ಕಡೆ ದಿಂಬು ಜೋಡಿಸುತ್ತಿದ್ದಳು. ಸೊಸೆ ಅತ್ತೆಯನ್ನು ಮೂಲೆಯ ಕಂಬದ ಹಿಂದಿನ ಮಂಚಕ್ಕೆ ಕರೆದೊಯ್ದು ಪಿಸುಗುಟ್ಟಿದಳು. "ಏನಿದು ಅತ್ತೆ?"

"ಯಾವುದು ಮೆತ್ತಗಿದೆ?"

"ಇದು ನಮ್ಮ ಮನೆಯ ಒಂದು ವರ್ಷದ ಬಾಡಿಗೆ ಅತ್ತೆ."

"ನಾನೇನು ತಲೆ ಮೇಲೆ ಹೊತ್ಕೊಂಡು ಹೋಗ್ತೀನಾ?" ಅತ್ತೆ ಚಪ್ಪಲಿ ಬಿಟ್ಟು, ಕಾಲು ಮೇಲಿಟ್ಟು, ಗೋಡೆಯ ಕಡೆ ಹೊರಳಿದರು. "ಮೇಡಮ್, ಹನ್ನೊಂದೂವರೆಗೆ ಎಬ್ಬಿಸಿ."

ಒಂದು ನಿಮಿಷವೂ ಆಗಲಿಲ್ಲ. ನೀರಿಗೆ ಕಲ್ಲು ಬಿದ್ದಂತೆ ನಿದ್ದೆಗೆ ಇಳಿದುಹೋದರು. ಸೊಸೆ ಮಂಚದ ಬುಡದಲ್ಲಿ ಕೈಕಟ್ಟಿ ನಿಂತಳು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅತ್ತೆ ಬಾಯಿ ತೆರೆದು ಮಲಗಿದ್ದನ್ನು ಅವಳು ಕಂಡಿರಲಿಲ್ಲ.

ಸಂಜೆ ಮನೆಯಲ್ಲಿ ಅವಳು ಒಂದೊಂದಾಗಿ ಹೇಳಿಕೊಟ್ಟಳು. ವಾರಕ್ಕೆ ಮೂರೇ ಸಲ. ಮ್ಯಾನೇಜರು ಮೇಲಿನ ಆಫೀಸಿನಲ್ಲಿರುವ ಹೊತ್ತಿಗೇ ಬರಬೇಕು. ಒಂದೆರಡು ಬೆಲೆ ಕೇಳಬೇಕು, ಮುಖ ಸಿಂಡರಿಸಬೇಕು.

"ಸಿಂಡರಿಸೋದು ಬರುತ್ತೆ. ಮುಂದೆ?"

"ಎದ್ದ ಮೇಲೆ ಹಾಸಿಗೆ ಮುಟ್ಟಬೇಡಿ. ಇವತ್ತು ದಿಂಬು ತಟ್ಟಿ ಇಟ್ರಿ."

"ಮಲಗಿ ಎದ್ದ ಹಾಸಿಗೇನ ಹಾಗೇ ಬಿಟ್ಟು ಬರೋದಾ? ಮನುಷ್ಯರಾ ನಾವು?"

"ಗಿರಾಕಿಗಳು ಅತ್ತೆ. ಗಿರಾಕಿಗಳು ಹಾಗೇ ಬಿಟ್ಟು ಹೋಗ್ತಾರೆ. ಸರಿ ಮಾಡೋರು ನಾವು."

ಗಂಡನಿಗೆ ಯಾರೂ ಹೇಳಲಿಲ್ಲ. ನಾದಿನಿಗೆ ಗೊತ್ತಾಗಿ, ತಾನೂ ಮದುವಣಗಿತ್ತಿಯಾಗಿ ಬರುತ್ತೇನೆಂದು ಹಟ ಹಿಡಿದಳು. ಅತ್ತೆ, "ನೀನು ಮಲಗಿದ್ರೂ ಬಾಯಿ ಮುಚ್ಚಲ್ಲ, ಸಿಕ್ಕಿಬೀಳ್ತೀವಿ" ಎಂದು ಗದರಿದರು.

ಮೂರು ವಾರ ನಡೆಯಿತು. ಅತ್ತೆಯ ಕಣ್ಣಡಿಯ ಕಪ್ಪು ತಿಳಿಯಾಯಿತು. ಬೊಬ್ಬೆ ಒಣಗಿ ಹೊಸ ಚರ್ಮ ಬಂತು. ಯಂತ್ರದ ಮುಂದೆ ಒಮ್ಮೆಯೂ ತೂಕಡಿಸಲಿಲ್ಲವೆಂದೂ, ಮೇಸ್ತ್ರಿಯೇ ಬಂದು ಅದೇನು ಟಾನಿಕ್ ಕುಡಿಯುತ್ತೀರಿ ಎಂದು ಕೇಳಿದನೆಂದೂ ಹೇಳಿಕೊಂಡು ನಕ್ಕರು. ಸೊಸೆಗೆ ಮಾತ್ರ ಆ ಮೂರು ದಿನಗಳು ಮುಳ್ಳಿನ ಮೇಲೆ ನಿಂತ ಹಾಗಿರುತ್ತಿದ್ದವು. ಮೆಟ್ಟಿಲ ಮೇಲೆ ಮ್ಯಾನೇಜರ ಬೂಟಿನ ಸದ್ದು ಕೇಳಿದರೆ ಕಂಬದ ಕಡೆ ಓಡುತ್ತಿದ್ದಳು. ಗುಬ್ಬಿ ಒಂದು ದಿನ ಪಕ್ಕಕ್ಕೆ ಬಂದು, "ನಿನ್ನ ಗಿರಾಕಿಯ ಮೂಗು ನಿನ್ನ ಗಂಡನ ಮೂಗಿನ ಹಾಗೇ ಇದೆ ಕಣೇ" ಎಂದಳು. ಹಿಂದೊಮ್ಮೆ ಅಂಗಡಿಯ ರಿಯಾಯಿತಿ ಮೇಳದ ದಿನ ಬೈಕ್ ಹತ್ತಿ ಬಂದು ಹೆಂಡತಿಗೆ ಬುತ್ತಿ ಕೊಟ್ಟು ಹೋಗಿದ್ದ ಗಂಡನನ್ನು ಅವಳು ನೋಡಿದ್ದಳು. ಸೊಸೆ ಅವಳ ಕೈ ಹಿಡಿದುಕೊಂಡಳು. "ಹೋಗೇ, ನಾನೇನೂ ನೋಡಿಲ್ಲ" ಎಂದು ಗುಬ್ಬಿ ಕೈ ಬಿಡಿಸಿಕೊಂಡು ಹೋದಳು.

ಆರನೇ ವಾರ ಮೇಲಿನ ಮನೆಯವರು ನೆಲ ಒಡೆಸಿ ಹೊಸ ಕಲ್ಲು ಹಾಕಿಸಲು ಶುರುಮಾಡಿದರು. ಬೆಳಗಿನಿಂದ ಸಂಜೆಯವರೆಗೆ ಡ್ರಿಲ್ಲು. ಗಂಡ ಮೇಲೆ ಹೋಗಿ ಕೂಗಾಡಿ ಬಂದ. ನಮ್ಮ ಸ್ವಂತ ಮನೆ, ಏನು ಬೇಕಾದರೂ ಮಾಡಿಸಿಕೊಳ್ಳುತ್ತೇವೆ, ಬಾಡಿಗೆಯವರು ಸುಮ್ಮನಿರಿ ಎಂದರಂತೆ. ಎರಡು ದಿನ ಅತ್ತೆ ಕಣ್ಣು ಮುಚ್ಚಲಿಲ್ಲ. ಮೂರನೆಯ ದಿನ ಅಂಗಡಿಗೆ ಬಂದಾಗ ಬೆಲೆ ಕೇಳುವ ತ್ರಾಣವೂ ಇರಲಿಲ್ಲ. ನೇರವಾಗಿ ಕಂಬದ ಹಿಂದೆ ಹೋಗಿ ಬಿದ್ದುಕೊಂಡರು.

ಹನ್ನೊಂದೂವರೆ ಆಯಿತು. ಸೊಸೆ ಎಬ್ಬಿಸಲು ಹೋದಳು, ಮನಸ್ಸು ಬರಲಿಲ್ಲ. ಇನ್ನು ಹತ್ತು ನಿಮಿಷ ಎಂದುಕೊಂಡಳು. ಆ ಹತ್ತು ನಿಮಿಷದಲ್ಲೇ ಮ್ಯಾನೇಜರು ಗಿರಾಕಿ ದಂಪತಿಯೊಂದನ್ನು ಕರೆದುಕೊಂಡು ಕೆಳಗಿಳಿದು, ಮಾತಾಡುತ್ತ ಮಾತಾಡುತ್ತ ಕಂಬ ದಾಟಿಯೇಬಿಟ್ಟರು.

ಗಂಡಸಿನ ದನಿ ಹತ್ತಿರದಲ್ಲೇ ಕೇಳಿ ಅತ್ತೆ ದಡಬಡಿಸಿ ಎದ್ದರು. ಕಣ್ಣು ತೆರೆದಿತ್ತೇ ಹೊರತು ಎಲ್ಲಿದ್ದೇನೆಂದು ಅವರಿಗೆ ತಿಳಿದಿರಲಿಲ್ಲ. ಕೈಗಳಿಗೆ ಮಾತ್ರ ತಿಳಿದಿತ್ತು. ಹಾಸುಬಟ್ಟೆಯನ್ನು ಒಂದೇ ಎಳೆತಕ್ಕೆ ಕಿತ್ತು, ಗಾಳಿಯಲ್ಲಿ ಫಟ್ಟೆಂದು ಒದರಿ, ಮತ್ತೆ ಬೀಸಿ ಹಾಸಿದರು. ನಾಲ್ಕು ಮೂಲೆಯನ್ನೂ ಲಕೋಟೆಯ ಹಾಗೆ ಮಡಿಸಿ ಅಡಿಗೆ ತೂರಿಸಿದರು. ದಿಂಬನ್ನು ಗಲ್ಲದಡಿ ಒತ್ತಿ ಹಿಡಿದು ಚೀಲ ಸರಿಮಾಡಿ, ಅಂಗೈಯಲ್ಲಿ ಒಮ್ಮೆ ಸವರಿ ಇಟ್ಟರು. ಎಲ್ಲ ಮುಗಿಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಹಾಸಿಗೆ ಚಿತ್ರ ಬರೆದಂತಿತ್ತು.

"ಅಬ್ಬಾ, ಎಷ್ಟು ನೀಟಾಗಿ ಹಾಸ್ತಾರೆ ನಿಮ್ಮ ಕೆಲಸದವರು!" ಎಂದರು ಬಂದಿದ್ದ ಹೆಂಗಸು. "ನಮ್ಮ ಮನೆಯವಳಿಗೆ ಎಷ್ಟು ಹೇಳಿಕೊಟ್ಟರೂ ಬರಲ್ಲ."

ಮ್ಯಾನೇಜರು ನಗುತ್ತಲೇ ಆ ದಂಪತಿಯನ್ನು ಗುಬ್ಬಿಗೆ ಒಪ್ಪಿಸಿದರು. ಆಮೇಲೆ ನಗು ತೆಗೆದರು.

"ಇವರು ಗಿರಾಕೀನಾ?"

"ಹೌದು ಸರ್."

"ಹದಿನೆಂಟು ವರ್ಷದಿಂದ ಈ ವ್ಯಾಪಾರದಲ್ಲಿದ್ದೀನಿ. ಒಬ್ಬ ಗಿರಾಕಿ ಹಾಸಿಗೆ ಸರಿ ಮಾಡಿದ್ದು ನೋಡಿಲ್ಲ." ಅವರು ಅತ್ತೆಯನ್ನು ಪಾದದಿಂದ ತಲೆಯವರೆಗೆ ಅಳೆದರು. ಸೀರೆ ಒಳ್ಳೆಯದಿತ್ತು, ಹಿಮ್ಮಡಿ ಸೀಳು ಬಿಟ್ಟಿತ್ತು. "ಯಾರಿವರು? ನಿನಗೆ ಗೊತ್ತಿರೋರಾ?"

ಅತ್ತೆಗೆ ಈಗ ಪೂರ್ತಿ ಎಚ್ಚರವಾಗಿತ್ತು. ಅವರು ಸೊಸೆಯ ಕಡೆ ನೋಡಲಿಲ್ಲ. ನೆಲ ನೋಡುತ್ತ ಚಪ್ಪಲಿ ಹುಡುಕುತ್ತಿದ್ದರು.

"ಗೊತ್ತಿಲ್ಲ ಸರ್" ಎಂದಳು ಸೊಸೆ.

"ಖಂಡಿತಾ?"

"ಖಂಡಿತಾ ಸರ್. ಗೊತ್ತಿಲ್ಲ."

"ಹಾಗಾದ್ರೆ ನೀನೇ ಹೊರಗೆ ಕಳಿಸು. ಗಟ್ಟಿಯಾಗಿ ಹೇಳು. ಇಂಥವರು ನಾಲ್ಕು ಜನ ಶುರು ಮಾಡಿದ್ರೆ ನಾವು ಬಾಗಿಲು ಮುಚ್ಚಬೇಕು."

ಗಟ್ಟಿಯಾಗಿ ಹೇಳಲು ಹೋದಾಗ ದನಿ ಬೇಕಾದ್ದಕ್ಕಿಂತ ಹೆಚ್ಚೇ ಗಟ್ಟಿಯಾಗಿ ಬಂತು. "ನೋಡೀಮ್ಮ, ಇದು ಛತ್ರ ಅಲ್ಲ. ಕೊಳ್ಳೋ ಯೋಗ್ಯತೆ ಇದ್ರೆ ಬನ್ನಿ. ನಿದ್ದೆ ಮಾಡೋಕೆ ನಿಮ್ಮ ಮನೆ ಇಲ್ವಾ?"

ದಂಪತಿ ತಿರುಗಿ ನೋಡಿದರು. ಗುಬ್ಬಿ ದಿಂಬಿನ ಮೇಲಿಂದ ಕಣ್ಣೆತ್ತಲಿಲ್ಲ.

"ತಪ್ಪಾಯ್ತು ಮೇಡಮ್" ಎಂದರು ಅತ್ತೆ. ಕಾಲೇಜಿನ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು ಹೊರಟರು. ಗಾಜಿನ ಬಾಗಿಲನ್ನು ತಳ್ಳುವುದರ ಬದಲು ಎಳೆದರು, ಅದು ಬರಲಿಲ್ಲ. ಸೊಸೆ ಹೋಗಿ ತೆರೆಯಬೇಕಾಯಿತು.

ಸಂಜೆ ಏಳೂವರೆಗೆ ಅವಳು ಮನೆಯ ಮೆಟ್ಟಿಲು ಹತ್ತುವಾಗ ಮೇಲೆ ಡ್ರಿಲ್ಲು ಆಗಷ್ಟೇ ನಿಂತಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದಳು. ಒಳಗೆ ಅತ್ತೆ ತಟ್ಟೆಯ ಮುಂದೆ ಕುಳಿತಿದ್ದರು. ನಾದಿನಿ ಬೆಂದ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದಳು.

"ಕೈ ತೊಳ್ಕೊಂಡು ಬಾ" ಎಂದರು ಅತ್ತೆ. "ಬೇಳೆಗೆ ಉಪ್ಪು ಕಮ್ಮಿ ಮಾಡಿದ್ದಾಳೆ ನಿನ್ನ ನಾದಿನಿ."

"ಅತ್ತೆ, ನಾನು ಬೆಳಿಗ್ಗೆ..."

"ಉಪ್ಪು ತಾ ಅಂದೆ."

ಸೊಸೆ ಉಪ್ಪಿನ ಡಬ್ಬಿ ತಂದಿಟ್ಟಳು. ಇಟ್ಟವಳು ಅಲ್ಲೇ ನಿಂತಳು. ಅತ್ತೆಯ ಮುಖವನ್ನು ಈಗ ಸರಿಯಾಗಿ ನೋಡಿದಳು. ರೆಪ್ಪೆ ಊದಿತ್ತು, ಕೆನ್ನೆಯ ಮೇಲೆ ಬಟ್ಟೆಯ ಗೆರೆ. ಅತ್ತುದರ ಊತವಲ್ಲ ಅದು.

"ಮಲಗಿದ್ರಾ?"

"ಒಂದೂವರೆ ಗಂಟೆ."

"ಈ ಸದ್ದಿನಲ್ಲಾ?"

"ಬಸ್ ಸ್ಟ್ಯಾಂಡಿನ ಹಿಂದೆ ಇನ್ನೊಂದು ಅಂಗಡಿ ಇದೆಯಲ್ಲ, ನಿಮ್ಮದಕ್ಕಿಂತ ದೊಡ್ಡದು. ನಿಮ್ಮಲ್ಲಿಂದ ಹೊರಟವಳು ಸೀದಾ ಅಲ್ಲಿಗೆ ಹೋದೆ. ಮಗಳ ಮದುವೆ ಅಂದೆ. ಆ ಹುಡುಗಿ ಹೊದಿಕೆ ಕೊಟ್ಲು. ನೀನು ಒಂದು ದಿನಾನೂ ಕೊಡ್ಲಿಲ್ಲ."

ನಾದಿನಿ ಬಾಯಿ ಬಿಟ್ಟುಕೊಂಡು ಇಬ್ಬರನ್ನೂ ನೋಡಿದಳು. "ಯಾಕೆ, ಅತ್ತಿಗೆ ಅಂಗಡಿಗೆ ಏನಾಯ್ತು?"

"ಅಮ್ಮನ್ನ ಹೊರಗೆ ಹಾಕಿದೆ" ಎಂದಳು ಸೊಸೆ. "ಯಾರು ಅಂತ ಗೊತ್ತಿಲ್ಲ ಅಂದೆ. ಎಲ್ಲರ ಮುಂದೆ ಬೈದೆ."

ನಾದಿನಿಯ ಕೈಯ ಮೊಟ್ಟೆ ಹಾಗೇ ಉಳಿಯಿತು. "ಅಣ್ಣನಿಗೆ ಗೊತ್ತಾದ್ರೆ?"

"ಗೊತ್ತಾಗಲ್ಲ. ರೇಡಿಯೋ ಬಂದ್ ಇದ್ರೆ" ಎಂದರು ಅತ್ತೆ. ಉಪ್ಪು ಕಲಸಿ ಒಂದು ತುತ್ತು ತಿಂದರು. "ಆ ಹುಡುಗೀ ಕಾಲೂ ನಿನ್ನ ಕಾಲಿನ ಹಾಗೇ ಊದಿದೆ ಕಣೇ. ಪಾಪ, ಅವರಲ್ಲೂ ಸ್ಟೂಲಿಲ್ಲ."

"ಹಾಸಿಗೆ ಸರಿ ಮಾಡಿದ್ರಾ?"

"ಎರಡು ಕೈಯನ್ನೂ ಹಿಂದೆ ಕಟ್ಕೊಂಡು ಎದ್ದು ಬಂದೆ. ಕಳ್ಳಿ ಹಾಗೆ."

ಯಾರೂ ನಗಲಿಲ್ಲ. ಸೊಸೆ ಇದ್ದಕ್ಕಿದ್ದಂತೆ ಹೇಳಿದಳು. "ನಾಡಿದ್ದು ನಮ್ಮ ಅಂಗಡಿಗೇ ಬನ್ನಿ ಅತ್ತೆ. ನಮ್ಮತ್ತೆ ಅಂತ ನಾನೇ ಹೇಳ್ತೀನಿ. ಮಲಗ್ತಾರೆ ಅಂತ ಹೇಳ್ತೀನಿ. ಆದದ್ದಾಗ್ಲಿ."

"ಆಗೋದೇನು? ನಿನ್ನ ಕೆಲ್ಸ ಹೋಗುತ್ತೆ. ನೀನೂ ಹಗಲೆಲ್ಲ ಮನೇಲಿರ್ತೀಯ. ಆಗ ಈ ಚಾಪೆಗೂ ನಾವಿಬ್ಬರೂ ಜಗಳ ಆಡ್ಬೇಕಾ?"

ಅತ್ತೆ ಎದ್ದು ಕೈ ತೊಳೆದರು. ಒಳ್ಳೆಯ ಸೀರೆಯನ್ನು ಮಡಿಸಿ ಪೆಟ್ಟಿಗೆಯ ಮೇಲಿಟ್ಟು, ಲಾಂಡ್ರಿಯ ನೀಲಿ ಕೋಟನ್ನು ತೋಳಿಗೆ ಹಾಕಿಕೊಂಡರು. ಗಂಟೆ ಎಂಟಾಗುತ್ತಿತ್ತು. ಸೊಸೆ ಬಾಗಿಲವರೆಗೆ ಹಿಂದೆಯೇ ಬಂದಳು.

"ಹಾಗಾದ್ರೆ ಇನ್ನು ಆ ಅಂಗಡಿಗೇ ಹೋಗ್ತೀರಾ?"

"ಹೂಂ. ಅಲ್ಲೇ ವಾಸಿ." ಅತ್ತೆ ಚಪ್ಪಲಿ ಮೆಟ್ಟಿ ಒಂದು ಮೆಟ್ಟಿಲು ಇಳಿದು ತಿರುಗಿದರು. "ಅಲ್ಲಿ ಯಾರಾದ್ರೂ ಕೇಳಿದ್ರೆ ಆ ಹುಡುಗೀನೂ ನಾನು ಯಾರೋ ಗೊತ್ತಿಲ್ಲ ಅಂತಾಳೆ. ಅವಳಿಗೆ ಅದು ಸುಳ್ಳಾಗಲ್ಲ."